ಆಂಧ್ರದ ಕೊಲ್ಲೇರು ಸರೋವರದ ಸುತ್ತ ಅಷ್ಟೊಂದು ಮೀನಿನ ಕೊಳ ಹೇಗೆ ಬಂದವು? ನಮ್ಮ ಕಡೆ ಆ ಪದ್ಧತಿ ನಡೆಯುತ್ತಾ?

ಕಾಲುವೆ_ಕೊನೆ

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರು ಕಡೆಯವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಗದ್ದೆ ಇದೆ. ಅದರಲ್ಲಿ ಎರಡು ಎಕರೆ ಸವಳು-ಜವಳು ಆಗಿ ಭತ್ತ ಸರಿಯಾಗಿ ಬರುತ್ತಿಲ್ಲ. ಹಾಕಿದ ಗೊಬ್ಬರದ ದುಡ್ಡೂ ಹುಟ್ಟುವುದಿಲ್ಲ. ಪಕ್ಕದ ಕ್ಯಾಂಪಿನವರು "ಸುಮ್ನೆ ಯಾಕೆ ಒದ್ದಾಡ್ತೀರಿ, ಕೊಲ್ಲೇರಲ್ಲಿ ಮಾಡಿದ ಹಾಗೆ ಮೀನಿನ ಕೊಳ ಮಾಡಿ" ಅಂತ ಹೇಳುತ್ತಲೇ ಇದ್ದಾರೆ.

ಗುಡಿವಾಡದಿಂದ ಭೀಮಾವರಂ ಕಡೆ ರೈಲಿನಲ್ಲಿ ಹೋದವರಿಗೆ ಗೊತ್ತಿರುತ್ತದೆ. ಕೈಕಲೂರು, ಆಕಿವೀಡು ಬರುವಷ್ಟರಲ್ಲಿ ಎರಡೂ ಕಡೆ ಕೊಳ, ಏರಿ, ತೆಂಗಿನ ಮರ, ಮತ್ತೆ ಕೊಳ. ಸರೋವರ ಯಾವುದು, ಮೀನಿನ ಕೊಳ ಯಾವುದು ಅಂತ ನನಗಂತೂ ಗೊತ್ತಾಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಅದು ಅಲ್ಲೇ ಯಾಕೆ ಅಷ್ಟು ಬೆಳೆಯಿತು? ನಮ್ಮ ಇಲಾಖೆಯವರು ಕಾಟ್ಲಾ, ರೋಹು, ಮೃಗಾಲ್, ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಎಲ್ಲ ಸೇರಿಸಿ ಬಿಡಿ ಅನ್ನುತ್ತಾರೆ, ಅಲ್ಲಿ ನೋಡಿದರೆ ಬರೀ ರೋಹು. ಅದು ಯಾಕೆ ಹಾಗೆ? ಮತ್ತೆ ಅವರ ಪದ್ಧತಿಯಲ್ಲಿ ನಾವು ತೆಗೆದುಕೊಳ್ಳಬಹುದಾದದ್ದು ಏನು, ತೆಗೆದುಕೊಳ್ಳಬಾರದ್ದು ಏನು? ಯೂಟ್ಯೂಬ್ ಲಿಂಕ್ ದಯವಿಟ್ಟು ಬೇಡ. ಎಲ್ಲದರಲ್ಲೂ ಎಕರೆಗೆ ಲಕ್ಷ ಲಕ್ಷ ಅಂತಾರೆ, ಖರ್ಚು ಯಾರೂ ಹೇಳುವುದಿಲ್ಲ.

ತೌಡಿನ_ಲೆಕ್ಕ

ಒಳ್ಳೆ ಪ್ರಶ್ನೆ ಸಾರ್. ನಾನು ಮೀನು ಸಾಕಿದವನಲ್ಲ. ಮೀನಿನ ಮೇವಿನ ವ್ಯಾಪಾರದಲ್ಲಿ ಇದ್ದವನು. ಹಾಗಾಗಿ ಮೇವಿನ ಕಡೆಯಿಂದ ಹೇಳುತ್ತೇನೆ.

ಮೊದಲು ಜಾಗ. ಕೊಲ್ಲೇರು ಇರುವುದು ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಗಳ ನಡುವಿನ ತಗ್ಗಿನಲ್ಲಿ. ಬುಡಮೇರು, ತಮ್ಮಿಲೇರು, ರಾಮಿಲೇರು ಅಂತ ಹಳ್ಳಗಳೂ, ಎರಡೂ ಕಡೆಯ ಕಾಲುವೆಗಳ ಬಸಿ ನೀರೂ ಅಲ್ಲಿಗೇ ಬರುತ್ತವೆ. ಹೊರಗೆ ಹೋಗಲು ಇರುವುದು ಒಂದೇ ದಾರಿ, ಉಪ್ಪುಟೇರು. ಅದು ಸುಮಾರು 60 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅಂದರೆ ಮಳೆಗಾಲದಲ್ಲಿ ನೀರು ಬೇಗ ತುಂಬುತ್ತದೆ, ನಿಧಾನ ಇಳಿಯುತ್ತದೆ. ಅಂಚಿನಲ್ಲಿ ಭತ್ತ ಹಾಕಿದವರ ಬೆಳೆ ಪದೇ ಪದೇ ಮುಳುಗುತ್ತಿತ್ತು. ಅಂಥ ಜಮೀನಿನವನಿಗೆ ಮೀನು ಅಂದರೆ ಹೊಸ ಸಾಹಸ ಏನಲ್ಲ, ಇದ್ದ ನಷ್ಟದಿಂದ ತಪ್ಪಿಸಿಕೊಳ್ಳುವ ದಾರಿ. ನಿಮ್ಮ ಎರಡು ಎಕರೆ ಕಥೆಯೂ ಅದೇ ಅಲ್ವಾ.

1970ರ ದಶಕದ ಮಧ್ಯದಲ್ಲಿ ಸರ್ಕಾರವೇ ಮುಂದೆ ಬಂದು ಅಲ್ಲಿನ ಮೀನುಗಾರರ ಸಹಕಾರ ಸಂಘ ಕಟ್ಟಿಸಿ, ಸರೋವರದ ಜಾಗ ಕೊಟ್ಟು, ಕೊಳ ಮಾಡಿಸಿತು. ಶುರು ಆದದ್ದು ಹಾಗೆ. ಸಂಘದವರ ಕೊಳದಲ್ಲಿ ದುಡ್ಡು ಹುಟ್ಟಿತು ಅಂತ ಕಂಡ ಮೇಲೆ 80ರ ದಶಕದಲ್ಲಿ ಸುತ್ತಲಿನ ಭತ್ತದ ರೈತರೂ ಗದ್ದೆಗೆ ಏರಿ ಕಟ್ಟಿ ನೀರು ನಿಲ್ಲಿಸಿದರು. ಜೇಡಿ ಕಪ್ಪು ಮಣ್ಣು, ನೀರು ಇಂಗುವುದಿಲ್ಲ. ಕಾಲುವೆ ಪಕ್ಕದಲ್ಲೇ ಇದೆ. ಆಳ ಅಗೆಯುವ ಖರ್ಚೂ ಇಲ್ಲ, ಅಂಚಿನ ಮಣ್ಣು ತೆಗೆದು ಏರಿಗೆ ಹಾಕಿದರೆ ಕೊಳ ಆಯಿತು.

ಇದು ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತು ತೌಡು. ಎರಡು ಮುಖಜಭೂಮಿಯ ಭತ್ತ ಅಷ್ಟೂ ಅಲ್ಲಿನ ರೈಸ್ ಮಿಲ್ಲಿಗೆ ಬರುತ್ತದೆ. ಮಿಲ್ಲಿನ ತೌಡು ಎಣ್ಣೆ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ತೌಡು ಇದೆಯಲ್ಲ, ಅದೇ ಕೊಲ್ಲೇರು ಮೀನಿನ ಮುಖ್ಯ ಊಟ. ಜೊತೆಗೆ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ. ಒಂದು ಕೆಜಿ ಮೀನಿಗೆ ಸುಮಾರು ಮೂರು ಕೆಜಿ ಮೇವು ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟು ತೌಡನ್ನು ದೂರದಿಂದ ಲಾರಿಯಲ್ಲಿ ತರಿಸಿದರೆ ಯಾವ ಮೀನೂ ಗಿಟ್ಟುವುದಿಲ್ಲ. ಅಲ್ಲಿ ಮಿಲ್ಲು, ಎಣ್ಣೆ ಕಾರ್ಖಾನೆ, ಕೊಳ ಎಲ್ಲ ಒಂದೆರಡು ಗಂಟೆಯ ದಾರಿಯಲ್ಲಿವೆ. ಕೊಲ್ಲೇರು ಬೆಳೆದದ್ದು ಮೀನಿನ ಜಾಣ್ಮೆಯಿಂದ ಅರ್ಧ, ಅಕ್ಕಿಯ ಕೃಪೆಯಿಂದ ಅರ್ಧ ಅಂತ ನನ್ನ ಲೆಕ್ಕ.

ಎಳೆಬಲೆ

ತೌಡಿನ ಅಣ್ಣ ಹೇಳಿದ್ದು ಸರಿ. ಆದರೆ ಮೀನಿನ ಜಾಣ್ಮೆಯನ್ನು ಅರ್ಧಕ್ಕೆ ಇಳಿಸಿದ್ದು ಸ್ವಲ್ಪ ಅನ್ಯಾಯ :) ನಾನು ಮೀನುಗಾರಿಕೆ ಓದಿ, ಆಮೇಲೆ ಆ ಕಡೆಯ ಕೊಳಗಳಲ್ಲಿ ಕೆಲಸ ಮಾಡಿದವನು. ರೋಹು ವಿಷಯಕ್ಕೆ ಬರುತ್ತೇನೆ.

ಆರು ಜಾತಿ ಸೇರಿಸುವ ಮಿಶ್ರ ಮೀನು ಸಾಕಣೆ 1970ರ ದಶಕದಲ್ಲಿ ದೇಶದ ತುಂಬ ಹರಡಿದ ಪಾಠ. ಮೇಲಿನ ನೀರಿಗೆ ಕಾಟ್ಲಾ, ನಡುವಿಗೆ ರೋಹು, ತಳಕ್ಕೆ ಮೃಗಾಲ್, ಹುಲ್ಲಿಗೆ ಒಂದು, ಪಾಚಿಗೆ ಒಂದು. ಕೊಳದಲ್ಲಿ ತಾನಾಗಿ ಹುಟ್ಟುವ ಆಹಾರವೇ ಮುಖ್ಯ ಅನ್ನುವ ಕಡೆ ಅದು ಸರಿಯಾದ ಪಾಠ. ಕೊಲ್ಲೇರಿನವರೂ ಶುರುವಿನಲ್ಲಿ ಅದನ್ನೇ ಮಾಡಿದರು. ಆಮೇಲೆ ಒಂದೊಂದಾಗಿ ಕೈಬಿಟ್ಟರು. ಮೃಗಾಲ್ ತಳ ಹಿಡಿದು ಕೂರುತ್ತದೆ, ಬಲೆ ಎಳೆದಾಗ ಕೆಳಗಿಂದ ನುಸುಳುತ್ತದೆ, ರೇಟೂ ಕಡಿಮೆ. ಸಾಮಾನ್ಯ ಗೆಂಡೆ ಏರಿಯ ಬುಡ ಕೆದಕುತ್ತದೆ. ಬೆಳ್ಳಿಗೆಂಡೆ ಬೇಗ ಕೆಡುತ್ತದೆ, ದೂರದ ಲಾರಿಗೆ ಆಗುವುದಿಲ್ಲ, ಕಾಟ್ಲಾದ ಊಟಕ್ಕೂ ಬಾಯಿ ಹಾಕುತ್ತದೆ. ಕೊನೆಗೆ ಉಳಿದದ್ದು ರೋಹು, ಜೊತೆಗೆ ಸ್ವಲ್ಪ ಕಾಟ್ಲಾ. ಹತ್ತರಲ್ಲಿ ಎಂಟು-ಒಂಬತ್ತು ರೋಹು. ತೌಡನ್ನು ಚೆನ್ನಾಗಿ ತಿನ್ನುವುದು ಅದೇ, ಕೋಲ್ಕತ್ತದಲ್ಲಿ ಮಾರಾಟ ಆಗುವುದೂ ಅದೇ. ವಿಜ್ಞಾನಿಗಳು ಹೇಳಿದ್ದನ್ನು ರೈತರು ತಿರುಗಿಸಿ ಹಾಕಿದ್ದಾರೆ, ಅದೂ ಲೆಕ್ಕ ಇಟ್ಟುಕೊಂಡು. ನನಗೆ ಆ ಕಡೆಯವರಲ್ಲಿ ಬಹಳ ಇಷ್ಟವಾದ ಗುಣ ಇದು.

ಎರಡನೆಯದು ಮರಿ. ನಮ್ಮಲ್ಲಿ ಬೆರಳುದ್ದದ ಮರಿ ಬಿಡುತ್ತೇವೆ, ಇನ್ನೂ ಚಿಕ್ಕದನ್ನು ಬಿಡುವವರೂ ಇದ್ದಾರೆ. ಹಾವು, ಕೊಕ್ಕರೆ, ಕೊರವ ಮೀನು ಎಲ್ಲ ತಿಂದು ಉಳಿದದ್ದು ನಮಗೆ. ಅವರು ಹಾಗೆ ಮಾಡುವುದಿಲ್ಲ. ಮರಿಯನ್ನು ಬೇರೆ ಕೊಳದಲ್ಲಿ ಒತ್ತೊತ್ತಾಗಿ ತುಂಬಿ, ಬದುಕಲು ಬೇಕಾದಷ್ಟೇ ಮೇವು ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಇಡುತ್ತಾರೆ. ವಯಸ್ಸು ಆಗುತ್ತದೆ, ಮೈ ಬೆಳೆಯುವುದಿಲ್ಲ. 100 ಗ್ರಾಂ ದಾಟಿದ ಆ ಮೀನನ್ನು ದೊಡ್ಡ ಕೊಳಕ್ಕೆ ಬಿಟ್ಟು ಹೊಟ್ಟೆ ತುಂಬ ಹಾಕಿದರೆ ತಡೆದಿಟ್ಟ ಬೆಳವಣಿಗೆ ಒಂದೇ ಸಲ ನುಗ್ಗಿ ಬರುತ್ತದೆ. ಸಾಯುವುದೂ ಕಡಿಮೆ, ಒಂದೇ ಸೈಜಿನ ಮೀನೂ ಸಿಗುತ್ತದೆ. ಎಕರೆಗೆ ಎರಡು ಸಾವಿರದ ಆಸುಪಾಸು ಬಿಟ್ಟು, ವರ್ಷದೊಳಗೆ ಒಂದೂವರೆ ಕೆಜಿಯ ಹತ್ತಿರ ತರುತ್ತಾರೆ. ಒಳ್ಳೆ ಕೊಳದಲ್ಲಿ ಹೆಕ್ಟೇರಿಗೆ 7-8 ಟನ್ ಬರುವುದು ಹೀಗೆ.

ಇದೆಲ್ಲ ಆಗಬೇಕಾದರೆ ಮರಿ ಬೇಕಾದಷ್ಟು ಸಿಗಬೇಕು. ರೋಹು, ಕಾಟ್ಲಾ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇವನ್ನು ಮೊಟ್ಟೆ ಇಡಿಸಿದರು. ಜುಲೈ 10ರಂದು ಮೀನು ಕೃಷಿಕರ ದಿನ ಅಂತ ಮಾಡುವುದು ಅದಕ್ಕೇ. ಅಲ್ಲಿಯವರೆಗೆ ಹೊಳೆಯಲ್ಲಿ ಸೋಸಿ ತಂದ ಕಲಬೆರಕೆ ಮರಿಯೇ ಗತಿ.

ಮೂರನೆಯದು ಚೀಲ. ಇದನ್ನು ನೀವು ರೈಲಿನಿಂದ ನೋಡಿರಬಹುದು, ಏನು ಅಂತ ಗೊತ್ತಾಗಿರುವುದಿಲ್ಲ. ಕೊಳದ ನಡುವೆ ಸಾಲಾಗಿ ಬೊಂಬು ನೆಟ್ಟಿರುತ್ತಾರೆ. ಒಂದೊಂದು ಬೊಂಬಿಗೂ ಒಂದು ಪ್ಲಾಸ್ಟಿಕ್ ಗೊಬ್ಬರದ ಚೀಲ, ಅದರ ಕೆಳಭಾಗದಲ್ಲಿ ಸಣ್ಣ ಸಣ್ಣ ತೂತು. ಬೆಳಿಗ್ಗೆ ಕೂಲಿಯವನು ದೋಣಿಯಲ್ಲಿ ತೌಡು-ಹಿಂಡಿ ಹೇರಿಕೊಂಡು ಬಂದು ಚೀಲ ತುಂಬಿ ಹೋಗುತ್ತಾನೆ. ಚೀಲದ ಅರ್ಧ ನೀರಲ್ಲಿ ಇರುತ್ತದೆ. ರೋಹು ಬಂದು ತೂತಿಗೆ ಬಾಯಿ ಹಚ್ಚಿ ಎಳೆದು ತಿನ್ನುತ್ತದೆ, ಆಗ ಬೊಂಬು ಅಲುಗಾಡುತ್ತದೆ. ಎರಡು-ಮೂರು ಗಂಟೆಯಲ್ಲಿ ಚೀಲ ಖಾಲಿ ಆಗಬೇಕು. ಆಗಲಿಲ್ಲ ಅಂದರೆ ಕೂಲಿಯವನು ಏರಿಗೆ ಬಂದು ಮೊದಲು ಹೇಳುವ ಮಾತೇ ಅದು. ಮೀನು ತಿನ್ನುತ್ತಿಲ್ಲ ಅಂದರೆ ನೀರಿನಲ್ಲಿ ಏನೋ ಆಗಿದೆ, ಇಲ್ಲ ಮೈಗೆ ಹೇನು ಹತ್ತಿದೆ. ಮೇವು ನೀರಿನಲ್ಲಿ ಹರಡಿ ಹಾಳಾಗುವುದೂ ತಪ್ಪಿತು, ಮೀನಿನ ಆರೋಗ್ಯವೂ ದಿನಾ ಗೊತ್ತಾಯಿತು. ಒಂದು ಹಳೆ ಚೀಲದ ಖರ್ಚಿನಲ್ಲಿ.

ಕಾಲುವೆ_ಕೊನೆ

ಎಳೆಬಲೆ ಸಾರ್, ಚೀಲದ ವಿಷಯ ನಿಜವಾಗಲೂ ಗೊತ್ತಿರಲಿಲ್ಲ. ನಾನು ಆ ಬೊಂಬುಗಳನ್ನು ಕಳ್ಳರ ಬಲೆಗೆ ಅಡ್ಡ ನೆಟ್ಟದ್ದು ಅಂದುಕೊಂಡಿದ್ದೆ. ಹೇನು ಅಂದಿರಲ್ಲ, ಅದು ಎಷ್ಟು ದೊಡ್ಡ ತೊಂದರೆ? ಮತ್ತೆ ಅಲ್ಲಿ ಕೊಳ ಒಡೆದು ಹಾಕಿದರು ಅಂತ ಕೇಳಿದ್ದೆ, ಅದು ಏನು ಕಥೆ?

ಹೆಜ್ಜಾರ್ಲೆ

ಕೊಳ ಒಡೆದ ಕಥೆ ನಾನು ಹೇಳುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಮೀನಿನ ಬಗ್ಗೆ ಮಾತಾಡಿದರು, ಸರೋವರದ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವಂಥ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಕೊಲ್ಲೇರಿನಲ್ಲಿ ಗೂಡು ಕಟ್ಟುತ್ತವೆ. ಕೈಕಲೂರಿನ ಪಕ್ಕ ಆಟಪಾಕ ಅಂತ ಇದೆ. ಅಲ್ಲಿ ಮರ ಸಾಲದೆ ಅರಣ್ಯ ಇಲಾಖೆಯವರು ನೀರಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿದ್ದಾರೆ, ಹಕ್ಕಿಗಳು ಅದರ ಮೇಲೆ ಗೂಡು ಕಟ್ಟುತ್ತವೆ. ಅದೇ ಹೇಳುತ್ತದೆ ಸರೋವರದ ಗತಿ ಏನಾಗಿದೆ ಅಂತ.

ಸರೋವರದ ಅಳತೆ ಸಮುದ್ರ ಮಟ್ಟದಿಂದ ಎಷ್ಟು ಅಡಿ ಅನ್ನುವುದರ ಮೇಲೆ ನಿಂತಿದೆ. +5 ಅಡಿಯ ಗೆರೆಯೊಳಗೆ ಸುಮಾರು 308 ಚದರ ಕಿಲೋಮೀಟರ್. +10 ಅಡಿಗೆ ಹೋದರೆ 901 ಚದರ ಕಿಲೋಮೀಟರ್. ಅಂದರೆ ಐದು ಅಡಿ ನೀರು ಏರಿದರೆ ಸರೋವರ ಮೂರು ಪಟ್ಟು ಹರಡುತ್ತದೆ. ಎಷ್ಟು ಚಪ್ಪಟೆ ನೆಲ ನೋಡಿ. 1999ರಲ್ಲಿ +5 ಅಡಿಯವರೆಗಿನ ಜಾಗವನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. 2002ರಲ್ಲಿ ರಾಮ್‌ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಅಷ್ಟು ಹೊತ್ತಿಗೆ ಆ ಗೆರೆಯೊಳಗೇ ಕೊಳ, ಏರಿ, ರಸ್ತೆ ಎಲ್ಲ ಬಂದಾಗಿತ್ತು. ಸುಪ್ರೀಂ ಕೋರ್ಟಿನ ಸಮಿತಿ ಬಂದು ನೋಡಿ ಹೋದ ಮೇಲೆ 2006ರಲ್ಲಿ ಸರ್ಕಾರ ಜೆಸಿಬಿ ಇಳಿಸಿ ಏರಿ ಒಡೆಸಿತು. ಆಪರೇಷನ್ ಕೊಲ್ಲೇರು ಅಂತ ಕರೆಯುವುದು ಅದನ್ನೇ. ಎರಡು ವರ್ಷ ಆಗುವಷ್ಟರಲ್ಲಿ, 2008ರಲ್ಲಿ, ಅದೇ ರಾಜ್ಯದ ವಿಧಾನಸಭೆ ಗೆರೆಯನ್ನು +5ರಿಂದ +3ಕ್ಕೆ ಇಳಿಸಿ ಅಂತ ನಿರ್ಣಯ ಮಾಡಿತು. ಒಡೆದ ಏರಿಗಳಲ್ಲಿ ಎಷ್ಟೋ ಮತ್ತೆ ಎದ್ದು ನಿಂತವು.

ಹಕ್ಕಿ ಬೇಡ ಅನ್ನುವವರಿಗೆ ನೀರಿನ ಲೆಕ್ಕ ಹೇಳುತ್ತೇನೆ. ಈ ಸರೋವರದ ಕೆಲಸ ಏನು? ಎರಡು ಮುಖಜಭೂಮಿಯ ಪ್ರವಾಹವನ್ನು ಹಿಡಿದು ಇಟ್ಟುಕೊಂಡು ನಿಧಾನ ಉಪ್ಪುಟೇರಿಗೆ ಬಿಡುವುದು. ಅದರ ಹೊಟ್ಟೆಯೊಳಗೆ ಏರಿ ಕಟ್ಟಿದರೆ ನೀರು ನಿಲ್ಲಲು ಜಾಗ ಎಲ್ಲಿದೆ? ಹಿಂದಕ್ಕೆ ತಳ್ಳುತ್ತದೆ, ಮೇಲಿನವರ ಭತ್ತ ಮುಳುಗುತ್ತದೆ. ಭತ್ತ ಮುಳುಗಿದವನು ಬೇಸತ್ತು ತಾನೂ ಮೀನಿನ ಕೊಳ ಮಾಡುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ವಿಜಯವಾಡ ಮುಳುಗಿತಲ್ಲ, ಅದು ಬುಡಮೇರಿನ ನೀರು. ಆ ಹಳ್ಳ ಬಂದು ಸೇರುವುದು ಕೊಲ್ಲೇರಿಗೇ. ಮುಳುಗಿದ್ದಕ್ಕೆ ಮೀನಿನ ಕೊಳವೇ ಕಾರಣ ಅಂತ ನಾನು ಹೇಳುವುದಿಲ್ಲ. ಮೇಲೆ ಏರಿ ಒಡೆದಿತ್ತು, ಹಳ್ಳದ ಜಾಗದಲ್ಲಿ ಮನೆ ಎದ್ದಿದ್ದವು. ಆದರೆ ಕೆಳಗೆ ನೀರಿಗೆ ಜಾಗ ಇರಬೇಕು ಅನ್ನುವುದಂತೂ ನಿಜ.

ಇನ್ನು ಕೊಳ ಖಾಲಿ ಮಾಡುವಾಗ ತೌಡು, ಕೋಳಿ ಗೊಬ್ಬರ, ಯೂರಿಯಾ ತುಂಬಿದ ನೀರು ಎಲ್ಲಿಗೆ ಹೋಗುತ್ತದೆ? ಸರೋವರಕ್ಕೆ. ಅಂತರಗಂಗೆ ಅಷ್ಟು ದಟ್ಟವಾಗಿ ಹಬ್ಬಿರುವುದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಸರೋವರದಲ್ಲಿ ಬಲೆ ಹಾಕಿ ಕೊರವ, ಮುಳ್ಳುಮೀನು ಹಿಡಿದು ಬದುಕುತ್ತಿದ್ದ ಲಂಕೆ ಊರುಗಳವರು, ಅಂದರೆ ಸರೋವರದ ನಡುವಿನ ದಿಬ್ಬದ ಊರಿನವರು, ಅದೇ ಅಂತರಗಂಗೆಯ ನಡುವೆ ದೋಣಿ ತಳ್ಳಿಕೊಂಡು ಓಡಾಡುತ್ತಾರೆ.

ಏರಿ_ಮೇಲಿನವನು

ಹೆಜ್ಜಾರ್ಲೆಯವರೇ, ಬಸ್ಸಿನಲ್ಲಿ ಹೋಗಿ ದುರ್ಬೀನಿನಲ್ಲಿ ಹಕ್ಕಿ ನೋಡಿ ಬರುವವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ನೆಂಟರು ಆಕಿವೀಡು ಹತ್ತಿರದವರು. ಅವರದು ಪಟ್ಟಾ ಜಮೀನು, ಅಪ್ಪ-ತಾತನ ಕಾಲದ್ದು. +5 ಗೆರೆಯೊಳಗೆ ಹಾಗೆ ಸಾವಿರಾರು ಎಕರೆ ಪಟ್ಟಾ ಇದೆ. ಒಂದು ದಿನ ಬಂದು ಇದು ವನ್ಯಜೀವಿಧಾಮ, ಇಲ್ಲಿ ಮೀನು ಸಾಕಬೇಡಿ, ಬೇಕಾದರೆ ಮೊದಲಿನ ಹಾಗೆ ಭತ್ತ ಬೆಳೆಯಿರಿ ಅಂದರೆ ಏನು ಮಾಡಬೇಕು? ಮುಳುಗುತ್ತದೆ ಅಂತಲೇ ಭತ್ತ ಬಿಟ್ಟದ್ದು. ಪರಿಹಾರ ಅಂತ ಮಾತಾಡಿದ್ದು ಕೇಳಿ ಕೇಳಿ ಸಾಕಾಗಿದೆ.

ಇನ್ನೊಂದು ವಿಷಯ. ಸರ್ಕಾರವೇ ಸಂಘ ಕಟ್ಟಿಸಿ, ಸಾಲ ಕೊಡಿಸಿ, ಕೊಳ ಮಾಡಿಸಿ, ಮೂವತ್ತು ವರ್ಷ ಆದ ಮೇಲೆ ನೀವು ಒತ್ತುವರಿದಾರರು ಅಂದರೆ ಯಾವ ನ್ಯಾಯ ಇದು?

ಹೆಜ್ಜಾರ್ಲೆ

@ಏರಿ_ಮೇಲಿನವನು, ಪಟ್ಟಾದಾರರಿಗೆ ಪರಿಹಾರ ಕೊಡಬೇಕು ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಸಂಘದ ಕೊಳ ಸಂಘದವರ ಕೈಯಲ್ಲೇ ಉಳಿಯಿತಾ? ಅದನ್ನು ನೀವೇ ಹೇಳಿ. ವಡ್ಡಿ ಸಮುದಾಯದ ಮೀನುಗಾರರ ಹೆಸರಿನಲ್ಲಿ ಇದ್ದ ಜಾಗವನ್ನು ಹೊರಗಿನ ದುಡ್ಡಿದ್ದವರು ಲೀಸಿಗೆ ತೆಗೆದುಕೊಂಡರು. ಹತ್ತಾರು ಚಿಕ್ಕ ಕೊಳ ಸೇರಿಸಿ ಒಂದೇ ದೊಡ್ಡ ಕೊಳ ಮಾಡಿದರು. ಜಾಗದ ಮಾಲೀಕ ಅದೇ ಕೊಳದಲ್ಲಿ ಚೀಲ ತುಂಬುವ ಕೂಲಿ ಆದ. ಮೇಲೆ ದೋಣಿಯವನ ಬಗ್ಗೆ ಅಷ್ಟು ಚೆಂದ ಬರೆದರಲ್ಲ, ಅವನು ಯಾರು ಅಂತ ಯಾರಾದರೂ ಕೇಳಿದಿರಾ?

ಏರಿ_ಮೇಲಿನವನು

ಅದು ನಡೆದಿದೆ, ಇಲ್ಲ ಅನ್ನುವುದಿಲ್ಲ. ಒಂದು ಎಕರೆಗೆ ಮೇವಿನ ಖರ್ಚೇ ಲಕ್ಷದ ಮಾತು ಆಗುವಾಗ ಬಡವ ಎಲ್ಲಿಂದ ತರುತ್ತಾನೆ? ಮೇವು, ಮರಿ ಎರಡನ್ನೂ ಸಾಲಕ್ಕೆ ಕೊಡುವವನು ಮೀನು ಹಿಡಿಯುವ ದಿನ ಏರಿ ಮೇಲೆ ನಿಂತಿರುತ್ತಾನೆ, ತೂಕ ಮಾಡಿಸಿಕೊಂಡು ಹೋಗುತ್ತಾನೆ. ಲೀಸಿಗೆ ಕೊಟ್ಟು ವರ್ಷಕ್ಕೆ ಒಂದಿಷ್ಟು ಗ್ಯಾರಂಟಿ ದುಡ್ಡು ಎಣಿಸಿಕೊಳ್ಳುವುದೇ ಮೇಲು ಅಂತ ಅವರಿಗೆ ಅನಿಸಿದ್ದರಲ್ಲಿ ತಪ್ಪೇನಿದೆ. ನಾನು ಹೇಳುವುದು ಜೆಸಿಬಿ ಬಂದಾಗ ದೊಡ್ಡವನು ಬೇರೆ ಕಡೆ ಕೊಳ ಮಾಡಿಕೊಂಡ, ಚಿಕ್ಕವನು ಅಲ್ಲೇ ಉಳಿದ ಅಂತ.

ಐಸ್_ಬಾಕ್ಸ್

ಜಗಳ ಆಮೇಲೆ ಆಡಿ. ಯಾರೂ ಲಾರಿ ಬಗ್ಗೆ ಹೇಳಲಿಲ್ಲ ಅಂತ ಬಂದೆ. ನಾನು ಆ ರೂಟಿನಲ್ಲಿ ಲಾರಿ ಓಡಿಸಿದವನು.

ಕೊಲ್ಲೇರು ಮೀನನ್ನು ಕೊಲ್ಲೇರಿನವರು ತಿನ್ನುವುದು ಕಡಿಮೆ. ಹೋಗುವುದು ಕೋಲ್ಕತ್ತದ ಪಕ್ಕದ ಹಾವ್ಡಾ ಮಾರ್ಕೆಟ್ಟಿಗೆ, ಸಿಲಿಗುರಿಗೆ, ಅಸ್ಸಾಂಗೆ, ಬಿಹಾರಕ್ಕೆ. ಬಂಗಾಳದಲ್ಲೂ ಮೀನು ಬೆಳೆಯುತ್ತಾರೆ, ಅವರ ಊಟಕ್ಕೆ ಅದು ಸಾಲುವುದಿಲ್ಲ. ಕೈಕಲೂರಿನಿಂದ ಹಾವ್ಡಾ ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಅಷ್ಟು ದೂರ ಮೀನು ಕೆಡದೆ ಹೋಗಬೇಕು ಅಂದರೆ ಎಲ್ಲ ಗಡಿಯಾರದ ಪ್ರಕಾರ ನಡೆಯಬೇಕು. ನಸುಕಿನಲ್ಲಿ ಬಲೆ ಎಳೆಯುತ್ತಾರೆ. ಹಿಂದಿನ ದಿನ ಮೇವು ಹಾಕಿರುವುದಿಲ್ಲ, ಹೊಟ್ಟೆ ಖಾಲಿ ಇದ್ದರೆ ಬೇಗ ಕೆಡುವುದಿಲ್ಲ. ಪ್ಯಾಕಿಂಗ್ ಶೆಡ್ಡಿನಲ್ಲಿ ಐಸ್ ಪುಡಿ ಒಂದು ಪದರ, ಮೀನು ಒಂದು ಪದರ, ಮತ್ತೆ ಐಸ್. ಮೀನಿನ ತೂಕದಷ್ಟೇ ಹತ್ತಿರ ಹತ್ತಿರ ಐಸ್ ಹೋಗುತ್ತದೆ. ಮೊದಲು ಬಿದಿರ ಬುಟ್ಟಿ ಇತ್ತಂತೆ, ಈಗ ಪ್ಲಾಸ್ಟಿಕ್ ಟ್ರೇ. ಕೈಕಲೂರು, ಭೀಮಾವರಂ ಕಡೆ ಐಸ್ ಫ್ಯಾಕ್ಟರಿ ಎಷ್ಟಿವೆ ನೋಡಿ. ಮೀನು ಸಾಕುವುದು ಎಲ್ಲಿ ಬೇಕಾದರೂ ಕಲಿಯಬಹುದು. ಐಸ್, ಪ್ಯಾಕಿಂಗ್ ಹುಡುಗರು, ಲಾರಿ, ಕಮಿಷನ್ ಏಜೆಂಟ್ ಇವೆಲ್ಲ ಒಂದೇ ಊರಿನಲ್ಲಿ ಸಿಗಬೇಕಾದರೆ ಸುತ್ತ ಸಾವಿರಾರು ಎಕರೆ ಕೊಳ ಇರಬೇಕು. ಒಬ್ಬನ ಎರಡು ಎಕರೆಗೆ ಯಾವ ಲಾರಿಯೂ ಬಂದು ನಿಲ್ಲುವುದಿಲ್ಲ.

ಒಂದೇ ಮಾರ್ಕೆಟ್ಟನ್ನು ನಂಬಿದರೆ ಏನಾಗುತ್ತದೆ ಅಂತಲೂ ಕೇಳಿ. 2018ರಲ್ಲಿ, ಮೀನು ಕೆಡದಂತೆ ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಆಯಿತಲ್ಲ. ಆ ಜುಲೈನಲ್ಲಿ ಅಸ್ಸಾಂ ಹೊರಗಿನ ಮೀನಿಗೆ ತಡೆ ಹಾಕಿತು. 2019ರ ಜನವರಿಯಲ್ಲಿ ಪಾಟ್ನಾದಲ್ಲಿ 15 ದಿನ ಆಂಧ್ರ ಮೀನು ಮಾರಬೇಡಿ ಅಂದರು. ಕೊಳದಲ್ಲಿರುವ ಮೀನಿಗೆ ಇದೆಲ್ಲ ಗೊತ್ತಾಗುತ್ತಾ? ಅದು ದಿನಾ ತಿನ್ನುತ್ತಲೇ ಇರುತ್ತದೆ. ರೇಟು ಬೀಳುತ್ತದೆ, ಮೇವಿನ ಬಿಲ್ ಏರುತ್ತದೆ.

ಎಳೆಬಲೆ

@ಕಾಲುವೆ_ಕೊನೆ, ಹೇನಿನ ಪ್ರಶ್ನೆ ಉಳಿದಿತ್ತು. ಅದು ಕಣ್ಣಿಗೆ ಕಾಣುವ ಜೀವಿ. ಚಪ್ಪಟೆ, ಬೇಳೆಯಷ್ಟು ಗಾತ್ರ, ಮೀನಿನ ಮೈಗೆ ಅಂಟಿಕೊಂಡು ರಕ್ತ ಹೀರುತ್ತದೆ. ಹೆಸರು ಆರ್ಗ್ಯುಲಸ್. ಮೀನು ಬೊಂಬಿಗೆ, ಏರಿಗೆ ಮೈ ಉಜ್ಜುತ್ತದೆ, ಮೇವು ಬಿಡುತ್ತದೆ. ಕಚ್ಚಿದ ಜಾಗ ಹುಣ್ಣಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ರೋಹುವಿಗೆ ಇದರ ಕಾಟ ಜಾಸ್ತಿ. ಬರೀ ರೋಹು ತುಂಬಿದ ಕೊಳಗಳು ಮೈಲುಗಟ್ಟಲೆ ಒತ್ತೊತ್ತಾಗಿ ಇದ್ದರೆ, ಒಬ್ಬರ ನೀರು ಇನ್ನೊಬ್ಬರ ಕಾಲುವೆಗೆ ಬೀಳುತ್ತಿದ್ದರೆ, ಹೇನು ಹೋಗುವುದಾದರೂ ಎಲ್ಲಿಗೆ? ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ ಕೊಳಕ್ಕೆ ಸುರಿಯುವವರನ್ನು ಕಂಡಿದ್ದೇನೆ. ಹೆಜ್ಜಾರ್ಲೆಯವರು ಹೇಳಿದ ಬಸಿ ನೀರಿನಲ್ಲಿ ಅದೂ ಸೇರುತ್ತದೆ. ಹೇನು, ಮೇವಿನ ಖರ್ಚು, ರೋಹು ರೇಟು ಈ ಮೂರರಿಂದ ಬೇಸತ್ತು ಎಷ್ಟೋ ಜನ ಪಂಗಾಸಿಯಸ್ ಅನ್ನುವ ಬೆಕ್ಕುಮೀನು, ವನ್ನಾಮಿ ಜಾತಿಯ ಸಿಗಡಿ ಕಡೆ ತಿರುಗಿದ್ದಾರೆ. ಸಿಗಡಿಗೆ ಉಪ್ಪು ನೀರಿನ ಬೋರ್ ಕೊರೆದರೆ ಪಕ್ಕದ ಭತ್ತದ ಗದ್ದೆ ಹೋಯಿತು ಅಂತಲೇ ಲೆಕ್ಕ. ಅದನ್ನು ಮಾತ್ರ ಅಲ್ಲಿಂದ ಕಲಿಯಬೇಡಿ.

ಈಗ ನಿಮ್ಮ ಎರಡು ಎಕರೆ. ನನ್ನ ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ.

ಕೊಲ್ಲೇರಿನ ಸೈಜು ನಿಮಗೆ ಬರುವುದಿಲ್ಲ, ಅದನ್ನು ಬಿಟ್ಟುಬಿಡಿ. ಕೋಲ್ಕತ್ತಕ್ಕೆ ಲಾರಿ ಕಳಿಸುವ ಕನಸೂ ಬೇಡ. ಹತ್ತಿರದ ಸಂತೆಯಲ್ಲಿ, ಏರಿ ಮೇಲೆ, ಜೀವಂತ ಮೀನು ಮಾರಿ. ಹಾಗೆ ಮಾರುವಾಗ ಬರೀ ರೋಹು ಯಾಕೆ? ನಿಮ್ಮೂರಿನವರು ಕಾಟ್ಲಾ ಕೇಳುತ್ತಾರೋ ಗೆಂಡೆ ಕೇಳುತ್ತಾರೋ ಅದನ್ನು ಬಿಡಿ. ಅವರು ಕೋಲ್ಕತ್ತದ ಬಾಯಿ ನೋಡಿ ರೋಹು ಆರಿಸಿದರು, ನೀವು ನಿಮ್ಮ ಸಂತೆಯ ಬಾಯಿ ನೋಡಿ.

ತೆಗೆದುಕೊಳ್ಳಬೇಕಾದ್ದು ಎರಡು. ಒಂದು ದೊಡ್ಡ ಮರಿ. ಎರಡು ಎಕರೆಯಲ್ಲಿ ಹತ್ತು-ಹದಿನೈದು ಗುಂಟೆ ಬೇರೆ ಮಾಡಿ ಮರಿ ಕೊಳ ಮಾಡಿಕೊಳ್ಳಿ. ತುಂಗಭದ್ರಾ ಡ್ಯಾಮಿನ ಮೀನುಮರಿ ಕೇಂದ್ರ ನಿಮಗೆ ಹತ್ತಿರ. ಮರಿ ತಂದು ಮೊದಲು ಅಲ್ಲೇ ಬಲಿಸಿ, ಆಮೇಲೆ ದೊಡ್ಡ ಕೊಳಕ್ಕೆ ಬಿಡಿ. ಇನ್ನೊಂದು ಚೀಲ.

ಇದಕ್ಕೆಲ್ಲ ಮೊದಲು ಮಣ್ಣು-ನೀರು ಪರೀಕ್ಷೆ ಮಾಡಿಸಿ. ಸವಳು ಅಂದಿರಿ. ಸ್ವಲ್ಪ ಉಪ್ಪನ್ನು ಗೆಂಡೆ ಜಾತಿ ತಡೆದುಕೊಳ್ಳುತ್ತದೆ, ತೊಂದರೆ ಕ್ಷಾರದ್ದು. ನೀರಿನ ಪಿಎಚ್ ಏಳೂವರೆಯಿಂದ ಎಂಟೂವರೆ ಒಳಗಿದ್ದರೆ ಚೆನ್ನ. ಒಂಬತ್ತು ದಾಟಿದರೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ ಆಗುವುದು ಜಾಸ್ತಿ, ಅಂಥ ಕಡೆ ಮೇವು ಹಾಕಿದಷ್ಟೂ ಕಷ್ಟ.

ಆಮೇಲೆ ಬೇಸಿಗೆ. ಕೊಲ್ಲೇರು ತಗ್ಗು, ಅಲ್ಲಿಗೆ ನೀರು ತಾನಾಗಿ ಬರುತ್ತದೆ. ನಿಮ್ಮದು ಕಾಲುವೆಯ ಕೊನೆ. ಕಾಲುವೆ ನಿಂತ ಮೇಲೆ ನಿಮ್ಮ ಕಡೆಯ ಬಿಸಿಲಿಗೆ ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿ ಆಯಿತು ಅಂದರೂ ಮೂರು ತಿಂಗಳಿಗೆ ಎರಡು ಅಡಿ ಹೋಯಿತು. ಆರು ಅಡಿ ನೀರು ಇಟ್ಟುಕೊಂಡು ಬೇಸಿಗೆಗೆ ಇಳಿದರೆ ನಾಲ್ಕು ಅಡಿ ಉಳಿಯುತ್ತದೆ, ನಾಲ್ಕು ಅಡಿಯಿಂದ ಶುರು ಮಾಡಿದರೆ ಏಪ್ರಿಲ್ ಕೊನೆಗೆ ಮೀನು ಬೆಂದೇ ಹೋಗುತ್ತದೆ. ಬೋರ್ ಇದೆಯಾ? ಇಲ್ಲದಿದ್ದರೆ ಜುಲೈ-ಆಗಸ್ಟಿನಲ್ಲಿ ದೊಡ್ಡ ಮರಿ ಬಿಟ್ಟು ಮಾರ್ಚಿನಲ್ಲಿ ಹಿಡಿದುಬಿಡಿ. ಒಂದು ಕೆಜಿ ಬರಲಿಲ್ಲ, ಮುಕ್ಕಾಲು ಕೆಜಿ ಬಂತು ಅಂದರೂ ಸಂತೆಯಲ್ಲಿ ಹೋಗುತ್ತದೆ.

ಮೋಡ ಮುಸುಕಿದ ದಿನ ಮೇವು ನಿಲ್ಲಿಸಿ. ಹಸಿರು ಗಟ್ಟಿಯಾದ ಕೊಳದಲ್ಲಿ ರಾತ್ರಿ ಆಮ್ಲಜನಕ ಇಳಿದು ನಸುಕಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಪಂಪು ತಯಾರಿರಬೇಕು, ಕೊಳದ ನೀರನ್ನೇ ಎತ್ತಿ ಮತ್ತೆ ಕೊಳಕ್ಕೆ ಚಿಮ್ಮಿಸಿದರೂ ಆಗುತ್ತದೆ. ಕರೆಂಟ್ ನಂಬಬೇಡಿ, ಡೀಸೆಲ್ ಇಟ್ಟಿರಿ.

ಕಾಲುವೆ_ಕೊನೆ

ಬಹಳ ಉಪಕಾರ ಆಯಿತು ಎಲ್ಲರಿಗೂ. ಬೋರ್ ಇದೆ, ನೀರು ಸ್ವಲ್ಪ ಸಪ್ಪೆ-ಉಪ್ಪು. ಪರೀಕ್ಷೆಗೆ ಕೊಡುತ್ತೇನೆ. ಹೆಜ್ಜಾರ್ಲೆಯವರು ಹೇಳಿದ್ದರಿಂದ ಒಂದು ಯೋಚನೆ ಬಂತು. ನಮ್ಮ ಕೊಳದ ನೀರು ಬಿಡುವುದು ಪಕ್ಕದವರ ಗದ್ದೆ ದಾಟಿ ಹಳ್ಳಕ್ಕೆ. ಅವರ ಜೊತೆ ಮೊದಲೇ ಮಾತಾಡಬೇಕು. ತೌಡಿನ ಅಣ್ಣ, ನಮ್ಮ ಕಡೆ ಸಿಂಧನೂರು, ಕಾರಟಗಿ, ಗಂಗಾವತಿ ತುಂಬ ರೈಸ್ ಮಿಲ್ಲೇ. ಮಿಲ್ಲಿನ ತೌಡು ನೇರವಾಗಿ ಹಾಕಬಹುದಾ?

ತೌಡಿನ_ಲೆಕ್ಕ

ಹಾಕಬಹುದು. ನೋಡಿ, ಕೊಲ್ಲೇರಿಗೆ ಇದ್ದ ಒಂದು ಅನುಕೂಲ ನಿಮಗೂ ಇದೆ. ಆದರೆ ಹಸಿ ತೌಡಿನಲ್ಲಿ ಎಣ್ಣೆ ಇರುತ್ತದೆ, ವಾರ-ಹತ್ತು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ. ಜಾಸ್ತಿ ತಂದು ಇಡಬೇಡಿ, ಬೇಕಾದಷ್ಟೇ ತನ್ನಿ. ಎಣ್ಣೆ ತೆಗೆದದ್ದು ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಮಳೆಗಾಲದಲ್ಲಿ ಮಾತ್ರ ಬೂಷ್ಟು ನೋಡಿಕೊಳ್ಳಿ. ಬರೀ ತೌಡು ಸಾಲದು, ನಾಲ್ಕು ಪಾಲು ತೌಡಿಗೆ ಒಂದು ಪಾಲು ಹಿಂಡಿ ಸೇರಿಸಿ, ಸ್ವಲ್ಪ ಉಪ್ಪು, ಖನಿಜದ ಪುಡಿ.

ಕೊಳ್ಳುವಾಗ ಹುಷಾರು. ಹೊಟ್ಟು ಪುಡಿ ಮಾಡಿ ಬೆರೆಸುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಒಂದು ಹಿಡಿ ತೌಡು ತೆಗೆದುಕೊಂಡು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ತೌಡು ನೆನೆದು ಕೆಳಗೆ ಇಳಿಯುತ್ತದೆ, ಹೊಟ್ಟು ಬಹಳ ಹೊತ್ತು ಮೇಲೆ ತೇಲುತ್ತದೆ. ಲೋಟದ ಬಾಯಿ ತುಂಬ ತೇಲಿದರೆ ಆ ಮಿಲ್ಲು ಬಿಟ್ಟು ಪಕ್ಕದ ಮಿಲ್ಲಿಗೆ ಹೋಗಿ.